ಸಾವಿರ ಹೆಜ್ಜೆಯ ಲೆಕ್ಕ ಕೇಳುವವರು ಯಾರು?



ಛತ್ರಪತಿ ಸಂಭಾಜಿನಗರದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗೆ ಇಡೀ ಮರಾಠವಾಡದಿಂದ ರೋಗಿಗಳು ಬರುತ್ತಾರೆ. ಇತ್ತ ನಾಸಿಕಕ್ಕೆ ಸುರ್ಗಾಣಾ, ಪೇಠ್ ಕಡೆಯ ಆದಿವಾಸಿ ಹಳ್ಳಿಗಳವರು ಬರುತ್ತಾರೆ. ಆಪರೇಷನ್ ಆಗಿ ಡಿಸ್ಚಾರ್ಜ್ ಆದ ನಾಂದೇಡಿನವರು ಸಂಭಾಜಿನಗರದಿಂದ ಊರು ಸೇರಲು ಸುಮಾರು 250 ಕಿಲೋಮೀಟರ್ ಹೋಗಬೇಕು. ಅಲ್ಲಿ ಅವರು ಎದ್ದು ಓಡಾಡಿದರೋ, ಮಂಚ ಹಿಡಿದರೋ ಎಂದು ಡಾಕ್ಟರಿಗೆ ಗೊತ್ತಾಗುವುದು ಮುಂದಿನ ತಪಾಸಣೆಗೆ ಬಂದಾಗಲೇ. ಆ ನಡುವಿನ ದಿನಗಳಲ್ಲಿ ಕೈಗೆ ಕಟ್ಟುವ ಸ್ಮಾರ್ಟ್ ವಾಚು ಯಾವ ಕೆಲಸಕ್ಕೆ ಬಂದೀತು?

ಆಪರೇಷನ್ ಆದವರನ್ನು ನಾವು ಬಾಣಂತಿಯಂತೆ ಮಲಗಿಸಿಬಿಡುತ್ತೇವೆ, ಪ್ರೀತಿಯಿಂದಲೇ. ಮಲಗಿದಷ್ಟೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ, ಎದೆಯಲ್ಲಿ ಕಫ ನಿಂತು ನ್ಯುಮೋನಿಯಾ ಆಗುವ ಅಪಾಯ ಹೆಚ್ಚು. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲೇ ರೋಗಿಯನ್ನು ಬೇಗ ಎಬ್ಬಿಸಿ ನಡೆಸಿ ಎಂದರು. ಎಷ್ಟು ನಡೆಸಬೇಕು? ಲಾಸ್ ಏಂಜಲಿಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯವರು ದೊಡ್ಡ ಆಪರೇಷನ್ ಆದ 100 ಮಂದಿಗೆ ಹೆಜ್ಜೆ ಎಣಿಸುವ ಪಟ್ಟಿ ಕಟ್ಟಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಪರೇಷನ್ ಆದ ಮರುದಿನ ಸಾವಿರ ಹೆಜ್ಜೆಯವರೆಗೆ ನಡೆದಷ್ಟೂ ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯುವ ಸಂಭವ ಇಳಿದಿತ್ತು. ಅದರಾಚೆ ನಡೆದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಗಟ್ಟಿಯಾಗಿದ್ದವರೇ ಹೆಚ್ಚು ನಡೆದಿರಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಅನುಮಾನವೇ.

ಅದಕ್ಕಿಂತ ಗಟ್ಟಿ ಸಾಕ್ಷ್ಯ 2025ರಲ್ಲಿ ಬಂತು. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್, ಕೀಮೋ ಮುಗಿಸಿದ 889 ಮಂದಿಯನ್ನು ಎರಡು ಗುಂಪು ಮಾಡಿದ್ದರು. ವ್ಯಾಯಾಮದ ಗುಂಪಿನಲ್ಲಿ ಎಂಟು ವರ್ಷದ ನಂತರ ಬದುಕಿದ್ದವರು ಶೇ. 90, ಬರೀ ಪುಸ್ತಿಕೆ ಕೊಟ್ಟು ಕಳಿಸಿದವರಲ್ಲಿ ಶೇ. 83. ಗಮನಿಸಿ, ಮೊದಲ ಗುಂಪಿನವರ ಬೆನ್ನಿಗೆ ಮೂರು ವರ್ಷ ತರಬೇತುದಾರರು ನಿಂತಿದ್ದರು. ಅವರ ಆ ವಿಚಾರಿಸುವಿಕೆಗೂ ಬೆಲೆಯಿದೆ. ವಾಚು ಹೆಜ್ಜೆ ಎಣಿಸುತ್ತದೆ, ಹಸಿರು ಬೆಳಕು ಬಿಟ್ಟು ನಾಡಿ ಅಳೆಯುತ್ತದೆ. ಆ ಲೆಕ್ಕ ನೋಡಿ ಫೋನ್ ಮಾಡುವ ನರ್ಸ್ ಇಲ್ಲದಿದ್ದರೆ ಅದು ಆಟದ ಸಾಮಾನು. ನಮ್ಮ ಆಸ್ಪತ್ರೆಗಳು ಯಂತ್ರಕ್ಕೆ ಮೊದಲು ಆ ನರ್ಸನ್ನು ನೇಮಿಸಿಕೊಳ್ಳಲಿ.

ವಾಚಿಗೂ ಮಿತಿಯುಂಟು. ವಾಕರ್ ಹಿಡಿದು ನಡೆದರೆ ಕೈ ಬೀಸುವುದಿಲ್ಲ, ಎಷ್ಟೋ ಹೆಜ್ಜೆ ಲೆಕ್ಕ ತಪ್ಪುತ್ತವೆ. ಸ್ತನದ ಆಪರೇಷನ್ನಿನಲ್ಲಿ ಕಂಕುಳಿನ ದುಗ್ಧಗ್ರಂಥಿ ತೆಗೆದಿದ್ದರೆ ಆ ಬದಿಯ ಕೈಗೆ ಬಿಗಿಯಾಗಿ ಕಟ್ಟಬೇಡಿ, ಇನ್ನೊಂದು ಕೈಗಿರಲಿ.

ಡಿಸ್ಚಾರ್ಜ್ ದಿನ ಡಾಕ್ಟರನ್ನು ಕೇಳಿ: ದಿನಕ್ಕೆ ಎಷ್ಟು ನಡೆಯಲಿ, ಲೆಕ್ಕ ಯಾರಿಗೆ ಹೇಳಲಿ? ದಿನದ ಹೆಜ್ಜೆ ಏಕಾಏಕಿ ಇಳಿದು ಸುಮ್ಮನೆ ಕೂತಾಗಲೂ ನಾಡಿ ಏರುತ್ತಿದ್ದರೆ ಜ್ವರ ಬರಲಿ ಎಂದು ಕಾಯಬೇಡಿ, ಅಂದೇ ಆಸ್ಪತ್ರೆಗೆ ಫೋನ್ ಮಾಡಿ.