ಬರ ಬಡಿದ ಮರದ ಮನೆ

ಟೆಕ್ಸಸ್‌ನ ಅಲೆನ್‌ನಲ್ಲಿ ಮನೆ ಕೊಂಡ ಕನ್ನಡಿಗರಿಗೆ ಒಂದು ಸಂಗತಿ ಹೇಳಲೇಬೇಕು. ನಿಮ್ಮ ಹುಲ್ಲುಹಾಸಿನ ಕೆಳಗಿರುವುದು ಥೇಟ್ ಧಾರವಾಡ ಸೀಮೆಯ ಎರೆಮಣ್ಣು. ಹತ್ತಿ ಬೆಳೆದ ನೆಲ. 1872ರಲ್ಲಿ ಇಲ್ಲಿಗೆ ರೈಲು ಬಂತು. ಹಲಗೆ ಹೊಡೆದು ಕಟ್ಟಿದ ಮನೆ, ದನದ ಕೊಟ್ಟಿಗೆಗಳು ಎದ್ದವು.

ಆದರೆ ಹಳೆಯ ಚಿತ್ರಕಾರರು ಅತ್ತ ಅಷ್ಟಾಗಿ ನೋಡಲಿಲ್ಲ. ಡಲ್ಲಾಸ್‌ನ ಫ್ರಾಂಕ್ ರೇ ಪ್ಯಾಸ್ಟೆಲ್ ಹಿಡಿದು ಉದ್ದಕೊಂಬಿನ ದನ, ಬಯಲು, ಆಕಾಶ ಬಿಡಿಸಿದರು. ಸ್ಯಾನ್ ಆಂಟೋನಿಯೊದ ಜೂಲಿಯನ್ ಆಂಡರ್‌ಡಾಂಕ್ ನೀಲಿ ಬ್ಲೂಬಾನೆಟ್ ಹೂವಿನ ಹಾಸು ಹರಡಿ 1922ರಲ್ಲಿ ತೀರಿಕೊಂಡರು. ಚೆಂದವೇ, ಬಿಡಿ.

ನನ್ನನ್ನು ವರ್ಷಗಟ್ಟಲೆ ಕಾಡಿದವರು ಅಲೆಕ್ಸಾಂಡರ್ ಹೋಗ್. ಡೆಂಟನ್‌ನಲ್ಲಿ ಬೆಳೆದವರು, ರೇ ಅವರ ಜೊತೆ ಚಿತ್ರ ಬಿಡಿಸಲು ಊರೂರು ಸುತ್ತಿದವರು. 1934ರ ಅವರ 'ಡ್ರೌತ್ ಸ್ಟ್ರಿಕನ್ ಏರಿಯಾ' ಡಲ್ಲಾಸ್ ಕಲಾ ಸಂಗ್ರಹಾಲಯದಲ್ಲಿದೆ: ಬಣ್ಣಗೆಟ್ಟ ಮರದ ಮನೆ, ಮುರುಕು ಗಾಳಿಯಂತ್ರ, ಒಣಗಿದ ತೊಟ್ಟಿ, ಎಲುಬೆದ್ದ ಹಸು, ಕಾದು ಕೂತ ರಣಹದ್ದು. ಮಳೆ ಬರಲಿಲ್ಲವೆಂದು ದೇವರನ್ನು ದೂರುವ ಚಿತ್ರವಲ್ಲ ಇದು. ಹುಲ್ಲುಗಾವಲನ್ನು ನೇಗಿಲಿಗೆ ಕೊಟ್ಟು ಹಾಳುಮಾಡಿದವರು ನೀವೇ ಎಂದು ಬೊಟ್ಟು ತೋರಿಸುತ್ತದೆ. ಒಕ್ಕಲು ಎದ್ದುಹೋದ ಆ ಮನೆಯೇ ಸಾಕ್ಷಿ.

ಊರಿನವರಿಗೆ ಹಿಡಿಸೀತೆ? 1936ರ 'ಡ್ರೌತ್ ಸರ್ವೈವರ್ಸ್' ನೋಡಿ ಪಶ್ಚಿಮ ಟೆಕ್ಸಸ್‌ನ ವ್ಯಾಪಾರಿಗಳು ಕೆರಳಿದರಂತೆ. ಕೊಂಡು ಸುಟ್ಟೇಬಿಡೋಣವೆಂದು ಐವತ್ತು ಡಾಲರ್ ಕೂಡಿಸಿದರಂತೆ. ಬೆಲೆ ಕೇಳಿದರೆ ಎರಡು ಸಾವಿರ! ಕಥೆಗೆ ಉಪ್ಪುಖಾರ ಸೇರಿರಬಹುದು, ನಾನಂತೂ ನಂಬುತ್ತೇನೆ. ಚಿತ್ರ ಪ್ಯಾರಿಸ್‌ನ ಜು ದ ಪೋಮ್ ಸಂಗ್ರಹಾಲಯದ ಪಾಲಾಯಿತು. ಅಲ್ಲಿ 1948ರಲ್ಲಿ ಬೆಂಕಿಗೇ ಆಹುತಿಯಾಯಿತು. ಬೈದವರ ಆಸೆಯನ್ನು ಹಾಳಾದ ವಿಧಿ ಪುಕ್ಕಟೆಯಾಗಿ ಈಡೇರಿಸಿತು ನೋಡಿ.

ಉಳಿದದ್ದು ಸಪ್ಪೆ ಕಥೆ. ಅಮೂರ್ತ ಕಲೆಯ ಗಾಳಿ ಬೀಸಿತು, ಹೋಗ್ ಟಲ್ಸಾಕ್ಕೆ ಪಾಠ ಹೇಳಲು ಹೋದರು, 1994ರವರೆಗೆ ಬಾಳಿದರು.

ಈಗ ವಾರಾಂತ್ಯದ ಚಿತ್ರಕಾರರು ಹಳೆಯ ಕೊಟ್ಟಿಗೆ ಬಿಡಿಸುತ್ತಾರೆ. ಕೆಂಪು ತಗಡು, ಬಿಸಿಲು, ಮುಂದೆ ನಾಲ್ಕು ಹೂವು. ಒಕ್ಕಲು ಎಲ್ಲಿ ಹೋಯಿತೆಂದು ಕೇಳುವವರು ಕಡಿಮೆ. ಆ ಹೊಲಗಳ ಮೇಲೇ ನಮ್ಮ ಬಡಾವಣೆಗಳು ಎದ್ದಿವೆ; ನಾನೂ ಅಂಥದೇ ಒಂದು ಮನೆಯಲ್ಲಿದ್ದೇನೆ. ಹೋಗ್ ಇದ್ದಿದ್ದರೆ ನಮ್ಮ ಬೀದಿಯನ್ನೂ ಬಿಡುತ್ತಿರಲಿಲ್ಲ.