ಹಾರಿದ ಗಂಟೆಗಳ ಲೆಕ್ಕ



ನಾಸಿಕ ಜಿಲ್ಲೆಯ ಈ ಯೇವಲಾಕ್ಕೆ ಪೈಠಣಿ ಸೀರೆ ಕೊಳ್ಳಲು ಬರುವ ಅನುಭವಸ್ಥ ಹೆಂಗಸರು ಮೊದಲು ಸೆರಗನ್ನು ತಿರುವಿ ನೋಡುತ್ತಾರೆ. ಕೈಮಗ್ಗದ ಅಸಲಿ ಪೈಠಣಿಯಲ್ಲಿ ನವಿಲು ಎರಡೂ ಬದಿಗೆ ಒಂದೇ ಸಮನೆ ಕಾಣುತ್ತದೆ. ಹಿಂಬದಿಯಲ್ಲಿ ನೂಲು ಜೋತಾಡುತ್ತಿದ್ದರೆ ಬೆಲೆ ಕೇಳುವ ಮೊದಲೇ ಮಡಿಸಿಡುತ್ತಾರೆ. ಸೀರೆಗೆ ಇಷ್ಟು ಎಚ್ಚರ ವಹಿಸುವ ನಾವು, ಮಗನನ್ನೋ ಮಗಳನ್ನೋ ಪೈಲಟ್ ಮಾಡಲು ಜಮೀನು ಅಡವಿಟ್ಟು ಲಕ್ಷಗಟ್ಟಲೆ ಕಟ್ಟುವಾಗ ತರಬೇತಿ ಶಾಲೆಯ ಕರಪತ್ರದ ಮುಂಬದಿಯನ್ನಷ್ಟೇ ನೋಡುತ್ತೇವೆ. ಅದರ ಹಿಂಬದಿಯನ್ನು ನೋಡಲು ಕಲಿಯಬೇಕೆಂಬುದೇ ಈ ವಿಚಾರ ಸಂಕಿರಣದ ಆಶಯ.

ಈ ಸೀಮೆಯ ಆಕಾಶದಲ್ಲಿ ವಿಮಾನಗಳಿಗೆ ಬರವಿಲ್ಲ. ಓಝರ್‌ನಲ್ಲಿ ಎಚ್‌ಎಎಲ್ ವಿಮಾನ ಕಾರ್ಖಾನೆ ಇದೆ, ನಾಸಿಕದ ಗಾಂಧಿನಗರದಲ್ಲಿ ಭೂಸೇನೆಯ ಹೆಲಿಕಾಪ್ಟರ್ ಪೈಲಟ್‌ಗಳ ಶಾಲೆ ಇದೆ. ಆದರೆ ಪ್ರಯಾಣಿಕ ವಿಮಾನ ನಡೆಸಬೇಕೆನ್ನುವ ಹುಡುಗಿಗೆ ಇವೆರಡೂ ದಾರಿಯಲ್ಲ. ಆಕೆ ಧುಳೆ, ಶಿರಪುರ, ಜಳಗಾಂವ್, ಬಾರಾಮತಿ, ಗೊಂದಿಯಾಗಳತ್ತ ನೋಡಬೇಕು. ನಮ್ಮ ತವರು ಕರ್ನಾಟಕದತ್ತ ಹೊರಳಿದರೆ ಕಲಬುರಗಿ, ಬೆಳಗಾವಿ, ಬೆಂಗಳೂರಿನ ಜಕ್ಕೂರು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ತರಬೇತಿ ಶಾಲೆಗಳಿಗೆಂದು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ, ಜಳಗಾಂವ್ ಮೂರೂ ಇದ್ದವು.

ವಾಣಿಜ್ಯ ಪೈಲಟ್ ಲೈಸೆನ್ಸಿಗೆ, ಅಂದರೆ ಸಿಪಿಎಲ್‌ಗೆ, 18 ವರ್ಷ ತುಂಬಿರಬೇಕು, 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಹೊಣೆ ತನ್ನದೇ ಆಗಿರಬೇಕು. ಈ 200 ಎಂಬ ಅಂಕಿಯನ್ನು ಬಿಗಿಯಾಗಿ ಹಿಡಿದುಕೊಳ್ಳಿ. ತಿಂಗಳಿಗೆ 20 ಗಂಟೆ ಹಾರಿಸುವ ಶಾಲೆಯಲ್ಲಿ ಹತ್ತು ತಿಂಗಳಿಗೆ ಮುಗಿಯುತ್ತದೆ. 8 ಗಂಟೆಯಷ್ಟೇ ಸಿಕ್ಕರೆ ಇಪ್ಪತ್ತೈದು ತಿಂಗಳು. ಫೀಸು ಎರಡೂ ಕಡೆ ಒಂದೇ ಇರಬಹುದು. ಎರಡನೆಯ ಕಡೆ ಬಾಡಿಗೆ, ಊಟ, ಸಾಲದ ಬಡ್ಡಿ ಹದಿನೈದು ತಿಂಗಳು ಹೆಚ್ಚು ಓಡುತ್ತವೆ. ವಾರಗಟ್ಟಲೆ ನೆಲದ ಮೇಲೆ ಕುಳಿತವನಿಗೆ ಕೈ ತಪ್ಪುತ್ತದೆ, ಕಲಿತದ್ದನ್ನೇ ಮತ್ತೆ ದುಡ್ಡು ಕೊಟ್ಟು ಕಲಿಯಬೇಕಾಗುತ್ತದೆ.

"ನಮ್ಮಲ್ಲಿ ಹತ್ತು ವಿಮಾನಗಳಿವೆ" ಎಂಬ ಮಾತಿಗೆ ತಲೆದೂಗಬೇಡಿ. ತರಬೇತಿ ವಿಮಾನ 50, 100 ಗಂಟೆಗೊಮ್ಮೆ ತಪಾಸಣೆಗೆ ನಿಲ್ಲುತ್ತದೆ. ಸೆಸ್ನಾ 172ರ ಎಂಜಿನ್ನನ್ನು ಸುಮಾರು 2,000 ಗಂಟೆಗೆ ಪೂರ್ತಿ ಬಿಚ್ಚಿ ಜೋಡಿಸಬೇಕು. ಬಿಡಿಭಾಗಕ್ಕೆ ಕಾಯುತ್ತ ಹ್ಯಾಂಗರಿನ ಮೂಲೆ ಸೇರಿದ ವಿಮಾನವೂ ಕರಪತ್ರದ ಲೆಕ್ಕದಲ್ಲಿರುತ್ತದೆ. ಇವತ್ತು ಬೆಳಿಗ್ಗೆ ಹಾರಲು ಸಿದ್ಧವಿರುವವು ಎಷ್ಟು, ಬೋಧಕರು ಎಷ್ಟು ಜನ, ಸರದಿಯಲ್ಲಿ ಕಾಯುತ್ತಿರುವ ವಿದ್ಯಾರ್ಥಿಗಳು ಎಷ್ಟು ಎಂದು ಕೇಳಿ. ಎರಡು ಎಂಜಿನ್ನಿನ ವಿಮಾನ ಅವರದೇ ಇದೆಯೋ, ಕೊನೆಗೆ ಅದರ ತರಬೇತಿಗೆ ಬೇರೆ ಊರಿಗೆ ಕಳಿಸುತ್ತಾರೋ ಅದನ್ನೂ ಕೇಳಿ. ಕಚೇರಿಯಲ್ಲಿ ಸಿಕ್ಕ ಉತ್ತರವನ್ನು ನಂಬಿ ಎದ್ದುಬರಬೇಡಿ. ಎರಡು ದಿನ ಆ ಊರಲ್ಲೇ ಉಳಿದು, ಚಹಾ ಅಂಗಡಿಯಲ್ಲಿ ಸಿಗುವ ಹುಡುಗರ ಲಾಗ್‌ಬುಕ್ ನೋಡಿ. ಯಾವ ದಿನ ಎಷ್ಟು ಹಾರಿದರೆಂಬುದು ಅದರಲ್ಲಿ ದಿನಾಂಕ ಸಮೇತ ಇರುತ್ತದೆ.

ಬೋಧಕರ ಮಾತು ಬಂದಾಗಲೆಲ್ಲ ಜಕ್ಕೂರು ನೆನಪಾಗಿ ನನಗೆ ಸಂಕಟವಾಗುತ್ತದೆ. 1940ರ ದಶಕದ ಕೊನೆಯಿಂದ ಅಲ್ಲೊಂದು ಏರ್‌ಸ್ಟ್ರಿಪ್ ಇದೆ. ಅಲ್ಲಿನ ಸರ್ಕಾರಿ ಶಾಲೆ ಕರ್ನಾಟಕಕ್ಕೆ ಹಲವು ತಲೆಮಾರಿನ ಪೈಲಟ್‌ಗಳನ್ನು ಕೊಟ್ಟಿತು. ಅಂಥ ಕಡೆಯಲ್ಲೂ ಬೋಧಕರ ಕೊರತೆಯಿಂದ ತರಬೇತಿ ವರ್ಷಗಟ್ಟಲೆ ನಿಂತುಹೋಗಿತ್ತು.

ಹವೆಯ ಬಗ್ಗೆ ಹೆಚ್ಚಿನವರು ಕೇಳುವುದೇ ಇಲ್ಲ. ಹವೆ ಊರಿಂದ ಊರಿಗೆ ಬದಲಾಗುವುದನ್ನು ಮಳೆನೆರಳಿನ ಯೇವಲಾದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಗಾವಿಯಲ್ಲಿ ಮುಂಗಾರಿನ ತಗ್ಗು ಮೋಡ ಕವಿದರೆ ಹೊಸಬರ ಹಾರಾಟ ದಿನಗಟ್ಟಲೆ ನಿಲ್ಲುತ್ತದೆ. ಕಲಬುರಗಿ, ಜಳಗಾಂವ್‌ಗಳಲ್ಲಿ ಮಳೆ ಕಡಿಮೆ. ಆದರೆ ಮೇ ತಿಂಗಳ ಬಿಸಿಲಿಗೆ ಗಾಳಿ ತೆಳ್ಳಗಾಗಿ ಸಣ್ಣ ವಿಮಾನ ಮೇಲೇರಲು ತಿಣುಕುತ್ತದೆ.

ಇನ್ನು ಸುರಕ್ಷತೆ. 2023ರ ಅಕ್ಟೋಬರ್‌ನಲ್ಲಿ ಬಾರಾಮತಿಯ ಬಳಿ ನಾಲ್ಕು ದಿನದೊಳಗೆ ಒಂದೇ ಶಾಲೆಯ ಎರಡು ತರಬೇತಿ ವಿಮಾನಗಳು ಅಪಘಾತಕ್ಕೀಡಾದವು. ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಆ ಶಾಲೆಯ ಎಲ್ಲ ಕೇಂದ್ರಗಳಲ್ಲೂ ತರಬೇತಿಯನ್ನು ತಡೆಹಿಡಿಯಿತು. ನೂರಾರು ಮೈಲಿ ದೂರದ ಕೇಂದ್ರಗಳ ಮಕ್ಕಳೂ ಕೈಕಟ್ಟಿ ಕೂರಬೇಕಾಯಿತು. ಡಿಜಿಸಿಎ 2025ರಿಂದ ತರಬೇತಿ ಶಾಲೆಗಳಿಗೆ ದರ್ಜೆ ಕೊಡಲು ಆರಂಭಿಸಿದೆ. ಆ ವರ್ಷದ ಅಕ್ಟೋಬರ್‌ನಲ್ಲಿ ಹೊರಬಂದ ಮೊದಲ ಪಟ್ಟಿಯಲ್ಲಿ ಅತ್ಯುನ್ನತ ದರ್ಜೆ ಯಾವ ಶಾಲೆಗೂ ಸಿಗಲಿಲ್ಲ. ಆ ಪಟ್ಟಿ ಓದದೆ ಯಾರೂ ಮುಂಗಡ ಕೊಡಬಾರದು.

ಹಣದ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಒಂದೇ ಗಂಟಿನಲ್ಲಿ ಪೂರ್ತಿ ಫೀಸು ಕೇಳುವ ಶಾಲೆಗೆ ಸೇರಿಸಬೇಡಿ. ಹಾರಿದಷ್ಟಕ್ಕೆ ಕಂತು ಕಟ್ಟುವ, ಬಿಟ್ಟರೆ ಉಳಿದದ್ದನ್ನು ಹಿಂದಿರುಗಿಸುವ ಕರಾರು ಕಾಗದದ ಮೇಲೆ ಇರಲಿ. ಅದಕ್ಕೂ ಮೊದಲು ಡಿಜಿಸಿಎ ಮಾನ್ಯತೆಯ ವೈದ್ಯರಲ್ಲಿ ಕ್ಲಾಸ್ 2, ಆಮೇಲೆ ಕ್ಲಾಸ್ 1 ತಪಾಸಣೆ ಮುಗಿಸಿ. ಕಣ್ಣು, ಕಿವಿ, ಹೃದಯದ ಸಣ್ಣ ದೋಷವೊಂದು ಫೀಸು ಕಟ್ಟಿದ ಮೇಲೆ ಬಯಲಾದರೆ ಆ ಮನೆಯ ದುಃಖಕ್ಕೆ ಪರಿಹಾರವಿರುವುದಿಲ್ಲ. ಸಿಪಿಎಲ್ ಕೈಗೆ ಬಂದೊಡನೆ ಕೆಲಸ ಸಿಗುವುದೂ ಇಲ್ಲ. ಏರ್‌ಬಸ್ 320ರಂಥ ವಿಮಾನಕ್ಕೆ ಟೈಪ್ ರೇಟಿಂಗ್ ಎಂಬ ಇನ್ನೊಂದು ತರಬೇತಿ, ಇನ್ನೊಂದು ಖರ್ಚು ಕಾದಿರುತ್ತದೆ. ಅದನ್ನೂ ಇಂದೇ ಲೆಕ್ಕಕ್ಕೆ ಹಿಡಿಯಿರಿ.

ಗೋಷ್ಠಿಗಳಲ್ಲಿ ಮಾತಾಡಲಿರುವ ಬೋಧಕರಲ್ಲಿ, ಬ್ಯಾಂಕಿನವರಲ್ಲಿ, ವೈದ್ಯರಲ್ಲಿ ನನ್ನದೊಂದು ಕೋರಿಕೆ. ಸಂಜೆ ಸಮಾರೋಪಕ್ಕೆ ಮುನ್ನ ಎಲ್ಲರೂ ಕೂಡಿ, ಶಾಲೆಗೆ ಹೋದಾಗ ಕೇಳಬೇಕಾದ ಪ್ರಶ್ನೆಗಳನ್ನು ಒಂದೇ ಪುಟದಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಬರೆದುಕೊಡಿ. ಇಲ್ಲಿ ಕುಳಿತಿರುವ ತಂದೆತಾಯಂದಿರು ಅದನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಹೋಗಲಿ.