ಕಣ್ಣಿ ಬಿಚ್ಚೋಣ

(ಮತ್ತೋಡಿನಲ್ಲಿ ನಡೆದ ಸ್ತ್ರೀಶಕ್ತಿ ಮತ್ತು ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವರದಕ್ಷಿಣೆ, ಹೊಡೆತ, ಬಡಿತ ಇವುಗಳ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ಅದನ್ನೇ ಮಾತಾಡುತ್ತೇನೆ. ಆದರೆ ನಾವು ಯಾರೂ ದೌರ್ಜನ್ಯ ಎಂದು ಕರೆಯದ ಒಂದು ದೌರ್ಜನ್ಯದಿಂದ ಶುರು ಮಾಡುತ್ತೇನೆ. ಅದು ಕಟ್ಟಿಹಾಕುವುದು. ಬುದ್ಧಿ ಬೆಳೆಯದ ಮಗುವನ್ನು ಮಂಚದ ಕಾಲಿಗೆ, ಮನಸ್ಸು ಕೆಟ್ಟ ಮಗಳನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿಹಾಕುವುದು. ಹಗ್ಗ ಇಲ್ಲದಿದ್ದರೆ ಹೊರಗಿನಿಂದ ಚಿಲಕ. ಇದನ್ನು ಮಾಡುವವರು ಕಟುಕರಲ್ಲ. ನಮ್ಮಂಥವರೇ. ನಾನೂ ಮಾಡಿದ್ದೇನೆ.

ನಾನಾಗ ಬಿ.ಎ. ಓದುತ್ತಿದ್ದೆ. ದೊಡ್ಡಪ್ಪನ ಮಗಳು, ನನಗೆ ಅಕ್ಕ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮದುವೆಯಲ್ಲಿ ಮಾತಾಡಿದ ಬಂಗಾರದಲ್ಲಿ ಎರಡು ತೊಲ ಬಾಕಿ ಇತ್ತು. ಹೆರಿಗೆಗೆ ಕಳಿಸುವಾಗಲೇ ಅತ್ತೆ, "ಬಾಕಿ ತಗೊಂಡೇ ಬಾ" ಎಂದಿದ್ದಳಂತೆ. ಹೆತ್ತ ಆರನೆಯ ದಿನದಿಂದ ಅಕ್ಕನಿಗೆ ನಿದ್ದೆ ಹೋಯಿತು. ಹತ್ತನೆಯ ದಿನಕ್ಕೆ, ಈ ಕೂಸು ನನ್ನದಲ್ಲ, ಬದಲಾಯಿಸಿದ್ದಾರೆ ಎನ್ನತೊಡಗಿದಳು. ರಾತ್ರಿ ಎದ್ದು ಬಾವಿಯ ಕಡೆ ಓಡಿದಳು. ಮನೆಯವರು ಹೆದರಿದರು. ದನದ ಕಣ್ಣಿ ತಂದು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದರು. ಗಾಳಿ ಅಂದರು, ದೆವ್ವ ಅಂದರು. ಮೂರು ತಿಂಗಳು ಅವಳು ಅಲ್ಲೇ ಇದ್ದಳು.

ಅವಳಿಗೆ ಊಟ ಕೊಡುವ ಕೆಲಸ ನನ್ನದು. ಒಂದು ದಿನ ಮೆತ್ತಗೆ ಕೇಳಿದಳು, "ಬಿಚ್ಚೇ ತಂಗಿ, ಒಂದ್ಸಲ ಕೂಸಿಗೆ ಹಾಲು ಕುಡಿಸ್ತೀನಿ. ಆಮೇಲೆ ನಾನೇ ಕಟ್ಟಿಸ್ಕೋತೀನಿ." ನಾನು ಬಿಚ್ಚಲಿಲ್ಲ. ಗಂಟು ಸಡಿಲವಾಗಿದೆ ಅನ್ನಿಸಿ ಇನ್ನೊಂದು ಸುತ್ತು ಬಿಗಿದು ಬಂದೆ. ಮುಂದೆ ಎಂ.ಎ. ಮಾಡಿದೆ, ಮೂವತ್ತು ವರ್ಷ ಪಾಠ ಹೇಳಿದೆ. ಆ ಒಂದು ಸುತ್ತು ಮಾತ್ರ ಮರೆತಿಲ್ಲ.

ಕೊನೆಗೆ ಸೋದರಮಾವ ಒಬ್ಬರು ಜಗಳ ಮಾಡಿ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಯಾರೂ ಕಟ್ಟಲಿಲ್ಲ. ಮೊದಲು ಕೈಯ ಗಾಯಕ್ಕೆ ಮದ್ದು ಹಾಕಿದರು, ನಿದ್ದೆ ಬರಿಸಿದರು, ದೊಡ್ಡಮ್ಮನನ್ನು ಜೊತೆಯಲ್ಲೇ ಇರಿಸಿದರು. ಐದಾರು ವಾರಕ್ಕೆ ಅಕ್ಕ ಅಕ್ಕನಾದಳು. ಆದರೆ ಅಷ್ಟರಲ್ಲಿ ಗಂಡನ ಮನೆಯವರು, ಹುಚ್ಚಿಯನ್ನು ನಮ್ಮ ಕೊರಳಿಗೆ ಕಟ್ಟಿದರು ಎಂದು ಸಾರಿ, ಅವನಿಗೆ ಇನ್ನೊಂದು ಹೆಣ್ಣು ತಂದಿದ್ದರು. ಊರಿಗೆಲ್ಲ ಸಾಕ್ಷಿ ಒಂದೇ: "ಕೊಟ್ಟಿಗೇಲಿ ಕಟ್ಟಿದ್ದರಲ್ಲ, ನಾವೇ ನೋಡಿದೀವಿ." ಅವಳ ಮದುವೆಯನ್ನು ಮುರಿದದ್ದು ಕಾಯಿಲೆಯಲ್ಲ. ನಾವು ಕಟ್ಟಿದ ಹಗ್ಗ, ಅವರ ಆಸೆ, ಎರಡೂ ಸೇರಿ ಮುರಿದವು.

ಅಕ್ಕನಿಗೆ ಬಂದದ್ದಕ್ಕೆ ನಮ್ಮ ಅಜ್ಜಿಯಂದಿರ ಕಾಲದಿಂದಲೂ ಹೆಸರಿದೆ. ಬಾಣಂತಿ ಸನ್ನಿ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ, ಹೆತ್ತ ಒಂದೆರಡು ವಾರದಲ್ಲೇ ಬರುತ್ತದೆ. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಪೂರಾ ಗುಣವಾಗುತ್ತಾರೆ. ತಾಯಿಯನ್ನೂ ಕೂಸನ್ನೂ ಒಟ್ಟಿಗೇ ಇರಿಸಿಕೊಂಡು ನೋಡುವ ಪ್ರತ್ಯೇಕ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಆದ್ದರಿಂದ ಬಾಣಂತಿ ಎರಡು ಮೂರು ರಾತ್ರಿ ನಿದ್ದೆ ಮಾಡದೆ ಏನೇನೋ ಮಾತಾಡಿದರೆ ಹಗ್ಗ ಹುಡುಕಬೇಡಿ, ಗಾಡಿ ಹುಡುಕಿ. ಅಲ್ಲಿಯವರೆಗೆ ತಾಯಿಯ ಪಕ್ಕದಲ್ಲಿ ಒಬ್ಬರು, ಕೂಸಿನ ಪಕ್ಕದಲ್ಲಿ ಒಬ್ಬರು ಇರಲಿ.

ಕಟ್ಟಿದರೆ ಏನಾಗುತ್ತದೆ ಎಂಬುದನ್ನು ದೇಶವೇ ನೋಡಿದೆ. 2001ರ ಆಗಸ್ಟ್ 6ರಂದು, ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಎರ್ವಾಡಿಯಲ್ಲಿ, ಮಾನಸಿಕ ಅಸ್ವಸ್ಥರನ್ನು ಇರಿಸಿದ್ದ ಒಂದು ಖಾಸಗಿ ಆಶ್ರಯದ ಚಪ್ಪರಕ್ಕೆ ನಸುಕಿನಲ್ಲಿ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಿಂದ ಬಿಗಿದಿದ್ದರು. ಓಡಿಹೋಗಲು ಆಗಲಿಲ್ಲ. 28 ಜನ ಸತ್ತರು. ಅವರನ್ನು ಅಲ್ಲಿ ಬಿಟ್ಟುಹೋದವರೂ ಮನೆಯವರೇ. ವಾಸಿಯಾಗಲಿ ಎಂದೇ ಬಿಟ್ಟುಹೋಗಿದ್ದರು.

ಅದಾದ ಮೇಲೆ ಕಾನೂನು ಬದಲಾಗಲು ಬಹಳ ಕಾಲ ಹಿಡಿಯಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 95ನೆಯ ಕಲಂ, ಮಾನಸಿಕ ಕಾಯಿಲೆಯವರನ್ನು ಯಾವುದೇ ರೂಪದಲ್ಲಿ ಸರಪಳಿಯಿಂದ ಬಿಗಿಯಬಾರದು ಎನ್ನುತ್ತದೆ. ಆಸ್ಪತ್ರೆಯಲ್ಲಿ ಕೂಡ, ಆ ಗಳಿಗೆಯಲ್ಲಿ ಒದಗುವ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ, ಎಷ್ಟು ಬೇಕೋ ಅಷ್ಟೇ ಹೊತ್ತು ಹಿಡಿದಿಡಬಹುದು. ಅದನ್ನು ಬರೆದಿಡಬೇಕು. ಶಿಕ್ಷೆಯಾಗಿ ಮಾಡುವಂತಿಲ್ಲ. ನೋಡಿಕೊಳ್ಳಲು ಜನ ಕಡಿಮೆ ಎಂಬ ನೆಪ ಹೇಳುವಂತಿಲ್ಲ. ದೊಡ್ಡ ಆಸ್ಪತ್ರೆಗೇ ಇಲ್ಲದ ನೆಪ ನಮ್ಮ ಕೊಟ್ಟಿಗೆಗೆ ಎಲ್ಲಿಂದ ಬರಬೇಕು?

ಅದೇ ಕಾನೂನಿನಲ್ಲಿ ನಮಗೆ ಬೇಕಾದ ಇನ್ನೂ ಮೂರು ಮಾತುಗಳಿವೆ. ಒಂದು, ಸಮುದಾಯದ ರೀತಿ ರಿವಾಜಿಗೆ ಹೊಂದಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎಂದು ತೀರ್ಮಾನಿಸುವಂತಿಲ್ಲ. ಎದುರು ಮಾತಾಡಿದ ಸೊಸೆಗೆ ಹುಚ್ಚಿ ಎಂದು ಹೆಸರಿಡುವವರಿಗೆ ಇದನ್ನು ಹೇಳಿ. ಎರಡು, ಚಿಕಿತ್ಸೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು. ಮೂರು, ಮನೆಯೊಳಗೆ ಇಂಥವರನ್ನು ಹಿಂಸಿಸುತ್ತಿದ್ದಾರೆ, ಕಡೆಗಣಿಸಿದ್ದಾರೆ ಎಂದು ಠಾಣಾಧಿಕಾರಿಗೆ ತಿಳಿದರೆ ಅವರು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಲೇಬೇಕು. ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ತನ್ನ ವಶದಲ್ಲಿರುವ ಅಂಗವಿಕಲರಿಗೆ ಬೇಕೆಂದೇ ಅನ್ನ ನೀರು ಕೊಡದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲಾಗಬಹುದು.

ನೀವು ಕೇಳಬಹುದು: "ಮೇಡಂ, ಕಾನೂನು ಸರಿ. ಬೆಳಗ್ಗೆ ತೋಟದ ಕೆಲಸಕ್ಕೆ ನಾನು ಹೋಗಬೇಕು. ಗಂಡ ಇಲ್ಲ, ಅತ್ತೆಗೆ ಕಣ್ಣು ಕಾಣೋದಿಲ್ಲ. ಬಿಟ್ಟರೆ ಮಗ ರಸ್ತೆಗೆ ಓಡ್ತಾನೆ. ಕಟ್ಟದೆ ಏನು ಮಾಡಲಿ?" ಇದು ನ್ಯಾಯವಾದ ಪ್ರಶ್ನೆ. ಕಟ್ಟುವ ತಾಯಿಯನ್ನು ಬೈಯುವುದು ಸುಲಭ. ಅವಳ ಎಂಟು ಗಂಟೆಯ ಭಾರ ಹೊರುವವರು ಯಾರು ಎಂದು ಯಾರೂ ಕೇಳುವುದಿಲ್ಲ. ಆಕೆಯೂ ಅದೇ ಹಗ್ಗದ ಇನ್ನೊಂದು ತುದಿಗೆ ಕಟ್ಟಿಸಿಕೊಂಡವಳು.

ಉತ್ತರ ಇರುವುದು ಸಂಘದಲ್ಲೇ. ಇಪ್ಪತ್ತು ಜನರ ಸಂಘದಲ್ಲಿ ಸರದಿ ಹಾಕಿದರೆ ಒಬ್ಬೊಬ್ಬರಿಗೆ ತಿಂಗಳಲ್ಲಿ ಒಂದು ದಿನವೋ ಎರಡು ದಿನವೋ ಬರುತ್ತದೆ. ಸಾಲದ ಕಂತಿಗೆ ಲೆಕ್ಕ ಇಡುವ ನಮಗೆ ಇದರ ಲೆಕ್ಕ ಕಷ್ಟವೇ? ಬಾವಿಗೆ ಮುಚ್ಚಳ, ಬಾಗಿಲಿಗೆ ಗಂಟೆ, ಕುಡುಗೋಲು, ಸೀಮೆಎಣ್ಣೆ, ಕೀಟನಾಶಕ ಬೀಗದೊಳಗೆ. ಮನುಷ್ಯರಿಗೆ ಹಾಕುವ ಬೀಗವನ್ನು ವಿಷದ ಡಬ್ಬಿಗೆ ಹಾಕಿ. ಅಂಗಿಯ ಒಳಗೆ ಮನೆಯ ಫೋನ್ ನಂಬರ್ ಹೊಲಿದಿಡಿ.

ಇನ್ನೊಂದು, ಸಿಟ್ಟಿಗೆ ಕಾರಣ ಹುಡುಕಿ. ಮಾತು ಬಾರದ ಮಗು ತಲೆ ಚಚ್ಚಿಕೊಂಡರೆ ಹಲ್ಲುನೋವಿರಬಹುದು, ಕಿವಿ ಸೋರುತ್ತಿರಬಹುದು, ಮಲಬದ್ಧತೆ ಇರಬಹುದು, ಹಸಿವಿರಬಹುದು. ಒಂದು ವಾರ ಬರೆದಿಡಿ: ಯಾವ ಹೊತ್ತಿಗೆ, ಅದಕ್ಕೆ ಮೊದಲು ಏನಾಯಿತು, ಯಾರಿದ್ದರು. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸಿಟ್ಟು ಏರಿದಾಗ ಹತ್ತು ಜನ ಮುತ್ತಿಕೊಳ್ಳಬೇಡಿ. ಅವರು ನಂಬುವ ಒಬ್ಬರು ಮಾತ್ರ, ಸ್ವಲ್ಪ ದೂರ ನಿಂತು, ದನಿ ತಗ್ಗಿಸಿ ಮಾತಾಡಲಿ. ಕಟ್ಟಿದರೆ ಭಯ ಹೆಚ್ಚುತ್ತದೆ, ಭಯ ಹೆಚ್ಚಿದರೆ ಒದೆಯುತ್ತಾರೆ, ಒದ್ದರೆ ಇನ್ನೂ ಬಿಗಿಯುತ್ತೇವೆ. ಈ ಸುತ್ತನ್ನು ನಾವೇ ಮುರಿಯಬೇಕು.

ಮದ್ದು ದೂರವಿಲ್ಲ. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲೇ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರ ತರಬಹುದೆಂದು ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂತು. 2022ರಿಂದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಇದೆ. ನಂಬರು 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದು ಅಂಗವಿಕಲರ ಗುರುತಿನ ಚೀಟಿ, ಮಾಸಾಶನ ಮಾಡಿಸಿ. ದೇವರಿಗೆ ಹರಕೆ ಹೊರಬೇಡಿ ಎನ್ನುವುದಿಲ್ಲ. ಹರಕೆಯ ಜೊತೆಗೆ ಮಾತ್ರೆಯನ್ನೂ ಕೊಡಿ, ವೈದ್ಯರು ಹೇಳದೆ ನಿಲ್ಲಿಸಬೇಡಿ.

ಒಂದು ಎಚ್ಚರಿಕೆ. ಕಟ್ಟಬೇಡಿ ಎಂದರೆ ಹೊಡೆಸಿಕೊಳ್ಳಿ ಎಂದಲ್ಲ. ಗಂಡ ಕುಡಿದು ಹೊಡೆದರೂ, ಕಾಯಿಲೆಯಿಂದ ಹೊಡೆದರೂ ಮೈಗೆ ಆಗುವ ನೋವು ಒಂದೇ. ಮೊದಲು ನೀವೂ ಮಕ್ಕಳೂ ಸುರಕ್ಷಿತ ಜಾಗಕ್ಕೆ ಹೋಗಿ. 112ಕ್ಕೆ, 181ಕ್ಕೆ ಫೋನ್ ಮಾಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣೆ ನಿಮಗಿದೆ. ಆಮೇಲೆ ಅವನ ಚಿಕಿತ್ಸೆ. ಇನ್ನು ಹುಚ್ಚಿ ಎಂಬ ಮಾತಿಗೆ ಹೆದರಿ ಯಾವ ಹೆಣ್ಣೂ ಖಾಲಿ ಕಾಗದಕ್ಕೆ ರುಜು ಹಾಕಬಾರದು. ವಕೀಲರ ನೆರವು ಹೆಂಗಸರಿಗೆ ಕಾನೂನು ಸೇವಾ ಸಮಿತಿಯಲ್ಲಿ ಉಚಿತ.

ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್ ಎಂಬ ವೈದ್ಯ ಇಲ್ಲಿನ ಬಳೆಯ ಕುಲುಮೆಗಳ ವಿಚಾರ ಬರೆದಿಟ್ಟಿದ್ದಾನೆ. ಇಲ್ಲಿಗೆ ಬರುವಾಗ ನನಗೆ ಅಕ್ಕನ ಎಡಗೈ ನೆನಪಾಯಿತು. ಕಣ್ಣಿ ಕೊರೆದ ಜಾಗದಲ್ಲಿ ಬಳೆ ತಾಕಿದರೆ ಉರಿಯುತ್ತದೆ ಎಂದು ಅವಳು ಸಾಯುವವರೆಗೂ ಆ ಕೈಗೆ ಬಳೆ ತೊಡಲಿಲ್ಲ. ಹೊಲಿಗೆ ಹೊಲಿದು ಮಗಳನ್ನು ಸಾಕಿದಳು, ಓದಿಸಿದಳು. ನನ್ನ ಮೇಲೆ ಒಂದು ದಿನವೂ ಸಿಟ್ಟು ಮಾಡಲಿಲ್ಲ. ಒಮ್ಮೆ ನಾನೇ ಆ ಮಾತೆತ್ತಿದಾಗ ಇಷ್ಟೇ ಅಂದಳು: "ನೀನು ಬಿಚ್ಚಬೇಕಿತ್ತು ಅಂತಲ್ಲ ಕಣೆ. ಪಕ್ಕದಲ್ಲಿ ಕೂತಿದ್ದರೂ ಸಾಕಿತ್ತು."

ಈ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಕೇರಿಯಲ್ಲಿ ಯಾವ ಮನೆಯ ಬಾಗಿಲು ಹೊರಗಿನಿಂದ ಹಾಕಿದೆ? ಬೈಯಲು ಹೋಗಬೇಡಿ, ದೂರು ಹಿಡಿದುಕೊಂಡೂ ಮೊದಲೇ ಹೋಗಬೇಡಿ. ಇಬ್ಬರು ಹೋಗಿ, "ಅರ್ಧ ದಿನ ನಾವು ಕೂತ್ಕೋತೀವಿ, ನೀನು ಕೆಲಸಕ್ಕೆ ಹೋಗಿ ಬಾ" ಎನ್ನಿ. ಕೇಳದಿದ್ದರೆ, ಹಿಂಸೆ ಕಂಡರೆ, ಆಗ ಠಾಣೆ ಇದ್ದೇ ಇದೆ. ಮೊದಲ ಗಂಟು ಬಿಚ್ಚುವುದು ನಮ್ಮ ಕೈಯಿಂದಲೇ ಆಗಲಿ.